ಆಷಾಢಕ್ಕೂ ಓಕೆ

ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು. ಆದರೂ ಇಂಗ್ಲಿಷಿನ ಒಂದೇ ಒಂದು ಶಬ್ದ ಹಿಡಿದುಕೊಂಡು ಮಗಳ ಮದುವೆ ನಿಶ್ಚಯ ಮಾಡಿಸಿ ತೋರಿಸುತ್ತೇನೆಂದು ಮೀಸೆ ತಿರುವಿದ್ದೆ. ಆ ಶಬ್ದ ‘ಓಕೆ’.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ವ್ಯಾಪಾರ. ಕ್ರಯ ಇಳಿಸಿ ಕೇಳಿದವರ ಜೊತೆ ಜಗಳವಾಡದೆ ಒಂದು ಬಂಗುಡೆಯನ್ನೂ ಕೊಟ್ಟವನಲ್ಲ. ಇದೇ ಬಾಯಿಯಿಂದ ಮಗಳು ಸುರಕ್ಷಾಳ ಎರಡು ಸಂಬಂಧ ತಪ್ಪಿಹೋಗಿದ್ದವು. ಒಬ್ಬರು ಚಾ ತಣ್ಣಗಿದೆ ಎಂದಿದ್ದರು. ಇನ್ನೊಬ್ಬರು ನಮ್ಮ ಮನೆಗೆ ಬರುವ ದಾರಿ ಸರಿಯಿಲ್ಲ ಎಂದಿದ್ದರು. ಹೋಗುವಾಗ ಮಾತ್ರ ಅದೇ ದಾರಿಯಲ್ಲಿ ಚೆನ್ನಾಗಿಯೇ ಓಡಿದರು.

ಈಗ ಕಿರಿಮಂಜೇಶ್ವರದ ಪ್ರೇಮಾನಂದರು ಮಗ ಮನೀಶನಿಗೆ ಹೆಣ್ಣು ನೋಡಲು ಬರುವವರಿದ್ದರು. ಹುಡುಗ ಸುರಕ್ಷಾಳಿಗೆ ಮೊದಲೇ ಮೆಚ್ಚುಗೆ. ಹಿಂದಿನ ದಿನ ಹೆಂಡತಿ ಗುಣವತಿ ಅಡುಗೆಮನೆಯಿಂದಲೇ ಎಚ್ಚರಿಸಿದಳು.

“ಹ್ವಾಯ್, ನಾಳಿಗೆ ನಿಮ್ಮ ಬಾಯಿಗೆ ರಜೆ. ಈ ಸಂಬಂಧವೂ ತಪ್ರೆ ಮಗಳ್ ನಿಮ್ಮತ್ರ ಮಾತೇ ಆಡುದಿಲ್ಲ ಅಂದಿದ್ಲ್.”

“ಬಾಯಿ ಮುಚ್ಕಂಡ್ ಕೂತ್ರೆ ಮೂಗ ಅಂಬ್ರಲೆ?”

“ಹಂಗಾರೆ ಎಂತ ಕೇಂಡ್ರೂ ಓಕೆ ಅನ್ನಿ. ಅದ್ರ ಮೇಲೆ ಒಂದಕ್ಷರ ಬೇಡ.”

ಯೋಚಿಸಿದಷ್ಟೂ ಆ ಶಬ್ದದ ಮಹಿಮೆ ಬೆಳೆಯಿತು. ಸುರಕ್ಷಾ ಮೊಬೈಲಿನಲ್ಲಿ ಮಾತು ಮುಗಿಸುವುದು ಓಕೆಯಿಂದ. ಮೆಕ್ಯಾನಿಕ್ ದೇವು ಟೆಂಪೋದ ಬಾನೆಟ್ ಮುಚ್ಚಿದರೆ ಓಕೆ. ಡಾಕ್ಟರು ಎದೆ ಪರೀಕ್ಷಿಸಿ ಓಕೆ ಎಂದರೆ ಇನ್ನೂ ಬದುಕಿದ್ದೀಯ ಎಂದು. ಎಳೆದು ಹೇಳಿದರೆ ಅನುಮಾನ, ತುಂಡಾಗಿ ಹೇಳಿದರೆ ಸಿಟ್ಟು, ಎರಡೆರಡು ಸಲ ಹೇಳಿದರೆ ‘ಸಾಕು ಮಾಡು ಮಾರಾಯ’. ಇಷ್ಟು ಕೆಲಸ ಮಾಡುವ ಆಳು ನಮ್ಮ ಬಂದರಿನಲ್ಲೂ ಇಲ್ಲ!

ಮರುದಿನ ಅಪ್ಪ ಮಗ ಬಂದರು. ಪ್ರೇಮಾನಂದರು ಬೋಟಿನಲ್ಲಿ ಪಾಲು ಇದ್ದವರು, ಕಣ್ಣು ಚುರುಕು. ಚಾ ಹೀರುತ್ತಾ ಶುರು ಮಾಡಿದರು.

“ಪಾಂಡಣ್ಣ, ಮದಿ ನಮ್ಮೂರಂಗೇ ಆಯ್ಕ್.”

ಹೆಣ್ಣಿನ ಮನೆಯವರು ನಾವಿರುವಾಗ ಮದುವೆ ಅವರ ಊರಲ್ಲಿ! ನಾಲಿಗೆ ತುರಿಸಿತು. ನುಂಗಿಕೊಂಡು “ಓಕೆ” ಎಂದೆ.

“ನಮ್ಮ ಕಡೆಯವ್ರ್ ಜಾಸ್ತಿ ಬತ್ರ್. ನಾಲ್ಕ್ ಬಸ್ ಆತ್ತ್.”

“ಓಕೆ.”

ಪ್ರೇಮಾನಂದರು ನನ್ನನ್ನು ಒಂದು ಕ್ಷಣ ನೋಡಿದರು. “ಹಂಗಾರೆ ಆಸಾಡಿಯಂಗೇ ಇಟ್ಕಂಬ. ಬೋಟಿಗೂ ರಜೆ.”

ಆಷಾಢದಲ್ಲಿ ನಮ್ಮ ಕಡೆ ಯಾರೂ ಮದುವೆಯ ಮಾತೂ ಎತ್ತುವುದಿಲ್ಲ. ಒಳಗೆ ಗುಣವತಿಯ ಕೈಯಿಂದ ಸೌಟು ಬಿದ್ದ ಸದ್ದು ಕೇಳಿತು. ನಾನು ಮಾತ್ರ ವ್ರತ ಬಿಡಲಿಲ್ಲ.

“ಓಕೆ.”

ಅವರು ಲೋಟ ಕೆಳಗಿಟ್ಟರು. “ಏಳ್ ಮನೀಶ, ಹೋಪ.”

ಬಾಗಿಲ ಸಂದಿಯಲ್ಲಿ ಸುರಕ್ಷಾಳ ಕಣ್ಣು ತುಂಬಿತ್ತು. ಗುಣವತಿ ಓಡಿ ಬಂದಳು. “ಎಂತಾಯ್ತ್?”

“ಎಂತ ಆಪುದ್ ಅಕ್ಕ? ಕೇಂಡ ಕ್ರಯಕ್ಕೇ ಮೀನ್ ಕೊಟ್ರೆ ಗಿರಾಕಿ ಎಂತ ಮಾಡುದ್? ಕಿವಿರ್ ಎತ್ತಿ ಕಾಂಬುದ್, ಹಾಳಾಯ್ತಾ ಅಂದೇಳಿ. ಇವ್ರ್ ಆಸಾಡಿಗೂ ಓಕೆ ಅಂದ್ರೆ ಹೆಣ್ಣಿಗೆ ಎಂತೋ ಐಬ್ ಇರ್ಕ್.”

ನನ್ನ ಓಕೆ ಸೀದಾ ಅರಬ್ಬೀ ಸಮುದ್ರಕ್ಕೆ ಹೋಯಿತು.

“ಐಬಾ? ನನ್ನ ಮಗಳಿಗಾ? ಆಸಾಡಿಯಂಗೆ ಮದಿ ಮಾಡುಕೆ ನಿಮ್ಮ ತಲಿ ಸಮ ಇತ್ತಾ? ಮದಿ ಇದೇ ಊರಂಗೆ. ಎರಡ್ ಬಸ್ಸಿನ ಮೇಲೆ ಒಂದ್ ಸೈಕಲ್ ಬಂದ್ರೂ ಊಟ ಇಲ್ಲ. ಬೇಕಾರೆ ಕೂಕಣಿ, ಬ್ಯಾಡದಿರೆ ದಾರಿ ಅಲ್ಲಿತ್ತ್!”

ಹೇಳಿ ಮುಗಿದ ಮೇಲೆ ನನ್ನ ಧ್ವನಿ ನನಗೇ ಕೇಳಿಸಿತು. ಮೂರನೆಯದೂ ಹೋಯಿತು. ಗುಣವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪ್ರೇಮಾನಂದರು ನಿಧಾನವಾಗಿ ಮತ್ತೆ ಕೂತರು.

“ಹಾಂ, ಇದ್ ತಾಜಾ. ಚಾ ಇನ್ನೊಂಚೂರ್ ಹಾಕಿ ಅಕ್ಕ. ಪಾಂಡಣ್ಣನ ಸಿಟ್ಟ್ ಇಡೀ ಬಂದರಿಗೆ ಗೊತ್ತಿತ್ತ್, ಗೊತ್ತಿದ್ದೇ ಬಂದದ್. ಆ ಓಕೆ ಕೇಂಡೇ ಹೆದ್ರಿಕೆ ಆದ್ದ್.”

ಹಿಡಿದಿಟ್ಟ ಉಸಿರು ಮನೆಯ ಮೂರೂ ಮೂಗುಗಳಿಂದ ಒಟ್ಟಿಗೇ ಹೊರಬಿತ್ತು. ಮನೀಶ ಬಾಗಿಲ ಸಂದಿಯ ಕಡೆ ನೋಡಿ ನಕ್ಕ. ಮದುವೆ ಮೇ ತಿಂಗಳಿಗೆ, ನಮ್ಮೂರಲ್ಲೇ, ಎರಡು ಬಸ್ಸಿಗೆ ಗಟ್ಟಿಯಾಯಿತು.

ಅವರು ಹೋದ ಮೇಲೆ ನಾನು ಮತ್ತೆ ಮೀಸೆ ತಿರುವಿದೆ. “ಕಂಡ್ಯಾ? ಮಗಳ ಮದಿ ಗಟ್ಟಿಯಾದ್ ನನ್ನ ಸಿಟ್ಟಿಂದ. ಇನ್ ಮೇಲೆ ನಂಗೆ ಬಾಯಿ ಮುಚ್ಚುಕೆ ಯಾರೂ ಹೇಳುಕಾಗ.”

ಗುಣವತಿ ಚಾದ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾ, ತಿರುಗಿಯೂ ನೋಡದೆ ಹೇಳಿದಳು:

“ಓಕೆ.”

ನಾನು ಕಲಿತ ಯಾವ ಓಕೆಯೂ ಅದಾಗಿರಲಿಲ್ಲ. ಉಳಿದ ಲೋಟಗಳನ್ನು ಎತ್ತಿಕೊಂಡು ಸುಮ್ಮನೆ ಅವಳ ಹಿಂದೆ ಹೋದೆ.