ಹೆಸರು ಅಳಿಸಿದ ಡಿಸ್ಕು

ಹೆಂಡತಿಯ ಉಗುರುಬಣ್ಣ ಅಳಿಸುವ ಸೀಸೆಯನ್ನು ಎಸ್ಕೊ ಕದ್ದು ಬಳಸಿದ್ದು ಜೀವಮಾನದಲ್ಲಿ ಒಂದೇ ಸಲ. ಮಾನ ಹೋಗುವುದಕ್ಕೆ ಅಷ್ಟೇ ಸಾಕಾಯಿತು.

ಮೂರು ವಾರದ ಹಿಂದೆ, ಕುವೊಪಿಯೊ ಊರಿನ ಕೆರೆಬದಿಯ ಉದ್ಯಾನದ ಪೊದೆಯಲ್ಲಿ ಅವನಿಗೊಂದು ಕಿತ್ತಳೆ ಬಣ್ಣದ ಡಿಸ್ಕು ಸಿಕ್ಕಿತ್ತು. ತಟ್ಟೆಯಂಥ ಡಿಸ್ಕನ್ನು ದೂರದ ಸರಪಳಿ ಬುಟ್ಟಿಗೆ ಎಸೆಯುವ ಡಿಸ್ಕ್ ಗಾಲ್ಫ್ ಆಟದವರು ಅದರ ಅಡಿಯಲ್ಲಿ ಹೆಸರು, ಫೋನ್ ನಂಬರು ಬರೆದಿರುತ್ತಾರೆ. ಸಿಕ್ಕವರು ಫೋನ್ ಮಾಡಿ ವಾಪಸು ಕೊಡಬೇಕು. ಅಲ್ಲಿ ಕಾರಿಗೆ ಬೀಗ ಹಾಕದವರುಂಟು, ಈ ನಿಯಮ ಮುರಿದವರಿಲ್ಲ. ಅಡಿಯಲ್ಲಿದ್ದದ್ದು ಪಕ್ಕದ ಮನೆಯ ತೌನೊನ ಹೆಸರು. ಕೊಡುವ ಮುಂಚೆ ಒಂದೇ ಒಂದು ಸಲ ಎಸೆದು ನೋಡೋಣವೆಂದು ಎಸ್ಕೊ ಎಸೆದ. ಅದು ಹಾರಿದ ಚೆಂದ ನೋಡಿ ಬುದ್ಧಿ ಕೆಟ್ಟಿತು. ಮನೆಗೆ ಬಂದವನೇ ಹೆಂಡತಿಯ ಆ ಸೀಸೆಯಿಂದ ತೌನೊನ ಹೆಸರು ಉಜ್ಜಿ ತೆಗೆದು, ದುಂಡಗಿನ ಅಕ್ಷರದಲ್ಲಿ ತನ್ನ ಹೆಸರು, ನಂಬರು ಬರೆದುಬಿಟ್ಟ. ಅಂದಿನಿಂದ ಮೆಟ್ಟಿಲ ಮೇಲೆ ತೌನೊ ಎದುರಾದರೆ ಎಸ್ಕೊ ಗೋಡೆ ನೋಡುತ್ತಿದ್ದ.

ಈ ಶನಿವಾರ ಬೆಳಿಗ್ಗೆ ಒಬ್ಬನೇ ಹೊರಟಿದ್ದವನಿಗೆ ತೌನೊ ಜೊತೆಯಾದ. "ಏನ್ ಮಾರಾಯ, ಕಣ್ ತಪ್ಪಿಸ್ಕೊಂಡು ಓಡಾಡ್ತೀಯ? ನಾನೂ ಬರ್ತೀನಿ ನಡಿ." ಉದ್ಯಾನದಲ್ಲಿ ಐಲಿ ಟೀಚರ್ ಸೇರಿಕೊಂಡರು. ನಿವೃತ್ತರಾಗಿ ಹತ್ತು ವರ್ಷವಾದರೂ ಊರನ್ನೇ ತರಗತಿ ಎಂದುಕೊಂಡವರು, ಆಟದ ಸಂಘದ ಕಾರ್ಯದರ್ಶಿ ಬೇರೆ. "ಸಿಕ್ಕಿದ ಡಿಸ್ಕು ನಿಮ್ಮದಲ್ಲ" ಎಂದು ಮೊದಲ ಬುಟ್ಟಿಯ ಬಳಿ ಬೋರ್ಡು ಬರೆಸಿದವರು ಅವರೇ. ಅದನ್ನು ಓದಿ ಎಸ್ಕೊ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡ.

ಕಿತ್ತಳೆ ಡಿಸ್ಕನ್ನು ಚೀಲದ ತಳದಲ್ಲೇ ಬಿಟ್ಟು ಆಡತೊಡಗಿದ. ಆದರೆ ಗಮನವೆಲ್ಲ ಆ ತಳದಲ್ಲೇ. ನೀಲಿ ಡಿಸ್ಕು ಕೆರೆಗೆ ಬಿತ್ತು. ಬಿಳಿಯದು ಸ್ಪ್ರೂಸ್ ಮರದ ತುದಿಯಲ್ಲಿ ಕೂತಿತು. ಏಳನೆಯ ಬುಟ್ಟಿಯ ಹೊತ್ತಿಗೆ ಕೈ ಖಾಲಿ.

"ಇವತ್ತಿಗೆ ಸಾಕು, ಬೆನ್ನು ನೋಯ್ತಿದೆ," ಎಂದ.

"ಬೆನ್ನೂ ಇಲ್ಲ ಗಿನ್ನೂ ಇಲ್ಲ," ಎನ್ನುತ್ತ ಟೀಚರ್ ಅವನ ಚೀಲಕ್ಕೇ ಕೈ ಹಾಕಿದರು. "ಇಲ್ಲೊಂದಿದೆಯಲ್ಲೋ! ಹಿಡಿ, ಎಸಿ."

ತೌನೊ ಕಿತ್ತಳೆ ಬಣ್ಣವನ್ನು ದಿಟ್ಟಿಸಿ ನೋಡಿದ. ಬೇಗ ಕಣ್ಮರೆಯಾಗಿ ಹಾಳಾಗಿ ಹೋಗಲಿ ಎಂದು ಎಸ್ಕೊ ಕಣ್ಣು ಮುಚ್ಚಿ ಬೀಸಿದ. ಡಿಸ್ಕು ಬರ್ಚ್ ಮರಗಳ ನಡುವೆ ಮೆಲ್ಲಗೆ ತಿರುಗಿ, ಝಣ್ ಎಂದು ಸರಪಳಿಗೆ ಬಡಿದು ಬುಟ್ಟಿಯೊಳಗೆ ಕೂತಿತು.

ಒಂದೇ ಎಸೆತಕ್ಕೆ! ಹನ್ನೊಂದು ವರ್ಷದಿಂದ ಎಸ್ಕೊ ಕಾದಿದ್ದು ಇದೊಂದಕ್ಕೇ. ಒಂದೇ ಎಸೆತಕ್ಕೆ ಹಾಕಿದವನ ಡಿಸ್ಕಿನ ಅಡಿಯಲ್ಲಿ ಇಬ್ಬರು ಸಾಕ್ಷಿಗಳು ಸಹಿ ಮಾಡುತ್ತಾರೆ, ಅದು ಉದ್ಯಾನದ ಕಾಫಿ ಅಂಗಡಿಯ ಗೋಡೆ ಏರುತ್ತದೆ. ತನ್ನದಕ್ಕೆ ಯಾವ ಮೊಳೆ ಎಂದು ಸಹ ಎಸ್ಕೊ ನೋಡಿಟ್ಟಿದ್ದ.

"ಕೊಡೋ ಇಲ್ಲಿ, ಸಹಿ ಹಾಕ್ತೀನಿ!" ಟೀಚರ್ ಎಳೆ ಹುಡುಗಿಯಂತೆ ಓಡಿ ಬಂದರು. ಎಸ್ಕೊ ಡಿಸ್ಕನ್ನು ಎದೆಗೆ ಅವುಚಿಕೊಂಡ. ತೌನೊ ಮತ್ತೆ ಆ ಡಿಸ್ಕನ್ನೇ ನೋಡಿದ. ಗುರುತು ಹಿಡಿದೇಬಿಟ್ಟ ಎಂದು ಎಸ್ಕೊನ ಕಿವಿಯ ತನಕ ಬಿಸಿಯೇರಿತು. ಈ ಮಾನಗೇಡಿನ ಮೇಲೆ ಸಹಿ ಬೇರೆಯೇ?

"ಟೀಚರ್, ಇದು ನಂದಲ್ಲ. ತೌನೊಂದು. ಹೆಸರು ಅಳಿಸಿ ಇಟ್ಕೊಂಡೆ. ನಾಚಿಕೆ ಆಗ್ತಿದೆ ನಂಗೆ."

ತೌನೊ ತನ್ನ ಬೂಟಿನ ತುದಿ ನೋಡುತ್ತ ನಿಂತ. "ನಂದೂ ಅಲ್ಲ ಮಾರಾಯ. ಹೋದ ಬೇಸಿಗೇಲಿ ದಡದಲ್ಲಿ ಸಿಕ್ತು. ಟೀಚರ್ ಹೆಸರಿತ್ತು. ನಾನೂ ಅಳಿಸ್ದೆ."

ಇಬ್ಬರೂ ಬೈಗುಳಕ್ಕೆ ತಲೆ ತಗ್ಗಿಸಿ ಕಾದರು. ಬೈಗುಳ ಬರಲಿಲ್ಲ. ಟೀಚರ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಮೆತ್ತಗೆ ಮಾತಾಡ್ರೋ. ಅದು ಲೈಬ್ರರೀದು. ಪುಸ್ತಕದ ಹಾಗೆ ಅಲ್ಲಿ ಡಿಸ್ಕೂ ಎರವಲು ಕೊಡ್ತಾರಲ್ಲ, ಎರಡು ವರ್ಷದ ಕೆಳಗೆ ತಂದೆ. ಎಷ್ಟು ಚೆನ್ನಾಗಿ ಹಾರ್ತಿತ್ತು ಅಂದ್ರೆ... ಕೆರೆಗೆ ಬಿತ್ತು ಅಂತ ಹೇಳಿ ನನ್ನ ಹೆಸರು ಬರ್ಕೊಂಬಿಟ್ಟೆ."

"ಹಾಗಾದ್ರೆ ಗೋಡೆಗೆ ಹಾಕೋದು?" ಎಂದ ಎಸ್ಕೊ.

"ಲೈಬ್ರರಿಯವರೆಲ್ಲ ಆ ಕಾಫಿ ಅಂಗಡೀಲೇ ಊಟ ಮಾಡೋದು ಕಣೋ!"

"ಆದ್ರೆ ನಾನು ಹಾಕಿದ್ದು ನಿಜ ತಾನೆ? ನೀವಿಬ್ರೂ ನೋಡಿದ್ರಲ್ಲ!"

"ನಾನು ಬಾತುಕೋಳಿ ನೋಡ್ತಿದ್ದೆ," ಎಂದರು ಟೀಚರ್.

"ನಾನು ಲೇಸು ಕಟ್ತಿದ್ದೆ," ಎಂದ ತೌನೊ. ಅವನು ಹಾಕಿದ್ದದ್ದು ರಬ್ಬರ್ ಬೂಟು.

ಗುಟ್ಟಾಗಿ ವಾಪಸು ಹಾಕಿಬಿಡುವುದೆಂದು ತೀರ್ಮಾನವಾಯಿತು. ಡಿಸ್ಕು ಎಸ್ಕೊನ ಕೈಯಲ್ಲಿತ್ತು, ಹಾಗಾಗಿ ಕೆಲಸವೂ ಅವನದೇ. ಲೈಬ್ರರಿಯ ಬಾಗಿಲ ಬಳಿಯ ಪುಸ್ತಕದ ಪೆಟ್ಟಿಗೆಯೊಳಗೆ ಅದನ್ನು ಜಾರಿಸಿ, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಮನೆಗೆ ಬಂದ. ಗೋಡೆಯ ಖಾಲಿ ಮೊಳೆ ಕಣ್ಣ ಮುಂದಿನಿಂದ ಹೋಗಲಿಲ್ಲ. ಆದರೂ ಮೂರು ವಾರದಲ್ಲಿ ಮೊದಲ ಸಲ ತಲೆ ಎತ್ತಿ ಊಟಕ್ಕೆ ಕೂತ.

ಮೀನಿನ ಸಾರು ಬಡಿಸುತ್ತಿರುವಾಗ ಫೋನ್ ಬಂತು. ಎಸ್ಕೊನ ಎರಡು ಕೈಯಲ್ಲೂ ರೊಟ್ಟಿ, ಬೆಣ್ಣೆ. ಹೆಂಡತಿ ಸಿರ್ಕ್ಕ ಫೋನಿನ ಸ್ಪೀಕರ್ ಹಾಕಿದಳು.

"ಎಸ್ಕೊ ಅವರಾ? ಲೈಬ್ರರಿಯಿಂದ ಮಾತಾಡ್ತಿದೀವಿ. ನಮ್ಮ ಕಳೆದುಹೋದ ಡಿಸ್ಕು ಪೆಟ್ಟಿಗೇಲಿ ಸಿಕ್ತು. ಅಂಚಲ್ಲಿ ನಮ್ಮ ನಂಬರು ಸಣ್ಣಗೆ ಕೆತ್ತಿದೆ, ಅಡಿಯಲ್ಲಿ ನಿಮ್ಮ ಹೆಸರು, ನಂಬರು ದುಂಡಗೆ ಬರೆದಿದೆ. ಪಾಪ, ಐಲಿ ಟೀಚರ್ ಅದು ಕೆರೆಗೆ ಬಿತ್ತು ಅಂತ ಎರಡು ವರ್ಷ ಕೊರಗಿದ್ರು! ಈಗಷ್ಟೇ ಅವರಿಗೂ ತಿಳಿಸಿದ್ವಿ. ಏನೂ ಯೋಚನೆ ಮಾಡ್ಬೇಡಿ, ನಿಮ್ಮನ್ನ ಅವರು ಕ್ಷಮಿಸಿದ್ದಾರಂತೆ."

ಸಿರ್ಕ್ಕ ಎದ್ದು ಬಚ್ಚಲುಮನೆಗೆ ಹೋದಳು. ವಾಪಸು ಬಂದು, ಅರ್ಧ ಖಾಲಿಯಾದ ಸೀಸೆಯನ್ನು ಅವನ ಸಾರಿನ ಬಟ್ಟಲಿನ ಪಕ್ಕ ಇಟ್ಟಳು.