ನೂರು ಯೂನಿಟ್ಟಿನೊಳಗಿನ ಸಂಸಾರ

ಎಣ್ಣೆ ಬೆಲೆ ಏರಿದಾಗ ಪೋಸ್ಟ್‌ಮ್ಯಾನ್ ಹಲ್ಲು ಕಚ್ಚಿ ಸಹಿಸಿಕೊಂಡ. ತರಕಾರಿ ಬೆಲೆ ಏರಿದಾಗ ನಿಟ್ಟುಸಿರು ಬಿಟ್ಟ. ಕರೆಂಟಿನ ದರವೂ ಏರಿತೆಂದು ಪೇಪರಿನಲ್ಲಿ ಓದಿದ ದಿನ ಮಾತ್ರ ಕುರ್ಚಿಯಿಂದ ಹೌಹಾರಿ ಎದ್ದೇ ನಿಂತ. ಪುಣ್ಯಕ್ಕೆ ಅದೇ ಸುದ್ದಿಯ ಕೆಳಗೆ ಸರ್ಕಾರದ ಕರುಣೆಯೂ ಅಚ್ಚಾಗಿತ್ತು: ತಿಂಗಳಿಗೆ ನೂರು ಯೂನಿಟ್ ದಾಟದ ಮನೆಗೆ ಬಿಲ್ಲೇ ಇಲ್ಲ, ಒಂದೇ ಒಂದು ಯೂನಿಟ್ ದಾಟಿದರೂ ಪೂರ್ತಿ ಬಿಲ್ಲು!

“ಇವತ್ತಿಂದ ಫ್ಯಾನ್ ಬಂದ್, ಇಸ್ತ್ರಿ ಬಂದ್, ವಾಷಿಂಗ್ ಮಷಿನ್ ಬಂದ್,” ಎಂದು ರಾಜಶಾಸನ ಹೊರಡಿಸಿದ.

“ಮತ್ತೆ ಬಟ್ಟೆ?” ಎಂದಳು ಹೆಂಡತಿ.

“ಕೈ ಇದೆಯಲ್ಲ.”

“ಯಾರ ಕೈ?”

ಇದಕ್ಕೆ ಉತ್ತರ ಕೊಟ್ಟು ಉಳಿದವರಿಲ್ಲವಾದ್ದರಿಂದ ಪೋಸ್ಟ್‌ಮ್ಯಾನ್ ಮೆಟ್ಟಿಲ ಕೆಳಗೆ ನುಸುಳಿ, ಅಲ್ಲಿದ್ದ ತಮ್ಮ ಮತ್ತು ಮೇಲ್ಮನೆಯ ಎರಡು ಮೀಟರುಗಳಲ್ಲಿ ಎಡಗಡೆಯದರ ಅಂಕಿ ಬರೆದುಕೊಂಡ.

ಹತ್ತು ದಿನ ಹೆಂಡತಿ ತಟ್ಟೆಯಲ್ಲಿ ಗಾಳಿ ಬೀಸಿಕೊಂಡಳು. ಮಗಳು ಗಾಳಿಗೆಂದು ಕಿಟಕಿಯ ಕಟ್ಟೆ ಹತ್ತಿ ಕೂತು ಹೋಂವರ್ಕ್ ಮಾಡಿದಳು. ಪೋಸ್ಟ್‌ಮ್ಯಾನನ ಅಂಗಿಯ ಸುಕ್ಕು ಕಂಡ ಮೇಲಧಿಕಾರಿ, “ಏನಪ್ಪಾ, ಪಾರ್ಸಲ್‌ನಲ್ಲಿ ಬಂದ್ಯಾ?” ಎಂದು ಕೇಳಿದರು.

ಹನ್ನೊಂದನೆಯ ದಿನ ಮೀಟರ್ ನೋಡಿದವನು ಕುಣಿದಾಡುತ್ತ ಒಳಗೆ ಓಡಿ ಬಂದ. “ಎರಡೇ ಯೂನಿಟ್ ಕಣೇ!”

“ಅದು ಹೇಗ್ರೀ? ಫ್ರಿಜ್ ಒಂದೇ ಅಷ್ಟು ತಿನ್ನಲ್ವಾ?”

“ಶಿಸ್ತು! ಇದಕ್ಕೆ ಶಿಸ್ತು ಅಂತಾರೆ!”

ಇಪ್ಪತ್ತನೆಯ ದಿನಕ್ಕೆ ನಾಲ್ಕು ಯೂನಿಟ್. ಈಗ ಹೆಂಡತಿಯೇ ಲೆಕ್ಕ ಹಾಕಿದಳು. “ಇನ್ನೂ ತೊಂಬತ್ತಾರು ಬಾಕಿ ಇದೆ. ಸುಮ್ಮನೆ ಬಿಟ್ಟುಕೊಡೋಕೆ ಸರ್ಕಾರ ನಮ್ಮ ಮಾವನೇ?”

ಶುರುವಾಯಿತು ನೋಡಿ! ಮೂರು ಕೋಣೆಯಲ್ಲೂ ಫ್ಯಾನು ಗಿರಗಿರ. ಮಷಿನ್ನು ಪರದೆ, ದಿಂಬು, ಕಾಲೊರಸುಗಳನ್ನೂ ಬಿಡಲಿಲ್ಲ. ಕರವಸ್ತ್ರಗಳಿಗೂ ಇಸ್ತ್ರಿಯ ಯೋಗ ಬಂತು. ನಾದಿನಿ ತನ್ನ ಮನೆಯ ಕೊಳೆ ಬಟ್ಟೆಯ ಮೂಟೆ ಹೊತ್ತು ತಂದಳು. ಬಿಲ್ಲಿಗೆಂದು ಎತ್ತಿಟ್ಟ ಹಣದಲ್ಲಿ ಪೋಸ್ಟ್‌ಮ್ಯಾನ್, ಬಾಯಿಬಿಟ್ಟ ಶೂಗಳಲ್ಲೇ ಶಾಲೆಗೆ ಹೋಗುತ್ತಿದ್ದ ಮಗಳಿಗೆ ಹೊಸ ಶೂ ಕೊಡಿಸಿದ.

ತಿಂಗಳ ಕೊನೆಗೆ ಮೀಟರ್ ಓದುವವನು ಬಂದ. “ನೂರ ಎಂಬತ್ತೇಳು ಸಾರ್.”

“ಸರಿಯಾಗಿ ನೋಡಪ್ಪಾ. ಎಡಗಡೆದು ನೋಡು!”

“ಎಡಗಡೆದು ಮೇಲ್ಮನೆ ಟೀಚರ್ದು. ಆರು ಯೂನಿಟ್, ಅವರಿಗೆ ಬಿಲ್ಲಿಲ್ಲ. ನಿಮ್ದು ಬಲಗಡೆದು.”

ಪೋಸ್ಟ್‌ಮ್ಯಾನನಿಗೆ ಸ್ವಿಚ್ಚು ಮುಟ್ಟದೆಯೇ ಶಾಕ್ ಹೊಡೆಯಿತು. ಹೆಂಡತಿ ಬಿಲ್ಲನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಬಿಲ್ಲನ್ನೇ ನೋಡುತ್ತಿದ್ದರೆ ವಾಸಿ ಎನ್ನಿಸಿತು ಅವನಿಗೆ.

ಅಷ್ಟರಲ್ಲಿ ಟೀಚರ್ ಮೆಟ್ಟಿಲಿಳಿದು ಬಂದರು. “ತಿಂಗಳಿಡೀ ಮಗಳ ಮನೇಲಿದ್ದೆ. ಹೊರಗಿನ ದೀಪ ಆರಿಸೋದು ಮರೆತು ಆರು ಯೂನಿಟ್ ದಂಡ. ನಾಳೆ ಮತ್ತೆ ಹೊರಟೆ, ಮನೆ ಕಡೆ ಸ್ವಲ್ಪ ನೋಡ್ಕೊಳ್ಳಿ.”

ಹೆಂಡತಿಯ ಮುಖ ಅರಳಿತು. “ಧಾರಾಳವಾಗಿ ಹೋಗ್ಬನ್ನಿ ಟೀಚರ್! ಬೀಗದಕೈ ಕೊಟ್ಟು ಹೋಗಿ. ನಿಮ್ಮ ಯೂನಿಟ್ ಸುಮ್ಮನೆ ಹಾಳಾಗೋದು ಯಾಕೆ? ನಮ್ಮ ಬಟ್ಟೆ ಜೊತೆ ನಿಮ್ಮ ಬಟ್ಟೇನೂ ಇವರೇ ಒಗೆದು ಇಸ್ತ್ರಿ ಹಾಕಿಡ್ತಾರೆ.”

“ಅಯ್ಯೋ, ಹಾಗಾದ್ರೆ ಎರಡು ಟ್ರಂಕ್ ತೆಗೆದಿಟ್ಟು ಹೋಗ್ತೀನಿ!” ಎಂದರು ಟೀಚರ್.

ಆ ತಿಂಗಳೆಲ್ಲ ಪೋಸ್ಟ್‌ಮ್ಯಾನ್ ಕಚೇರಿಯಿಂದ ನೇರವಾಗಿ ಮೇಲ್ಮನೆಗೆ ಹತ್ತಿ, ಬೆವರೊರೆಸಿಕೊಳ್ಳುತ್ತ ಎರಡು ಮನೆಯ ಬಟ್ಟೆಗೆ ಇಸ್ತ್ರಿ ತಿಕ್ಕಿದ. ಅಲ್ಲಿನ ಫ್ಯಾನ್ ಹಾಕಿಕೊಳ್ಳಲು ಮಾತ್ರ ಹೆಂಡತಿಯ ಅಪ್ಪಣೆ ಸಿಗಲಿಲ್ಲ.