ಶನಿವಾರ ಬಂದ ಕ್ರಿಸ್‌ಮಸ್ ಮತ್ತು ನಾಟಿಕೋಳಿ ಸಾರು

ಆ ವರ್ಷದ ಕ್ರಿಸ್‌ಮಸ್ ಶನಿವಾರ ಬಂದದ್ದೇ ಎಲ್ಲ ಎಡವಟ್ಟಿಗೂ ಮೂಲ. ಒಂದು ದಿನ ಹಿಂದೆ ಮುಂದೆ ಬಂದಿದ್ದರೆ ಕಿಬ್ಬನಹಳ್ಳಿಯ ತಿಮ್ಮರಾಜು ಇವತ್ತಿಗೂ ಮೀಸೆ ತಿರುವಿಕೊಂಡೇ ಓಡಾಡುತ್ತಿದ್ದ.

ತಿಮ್ಮರಾಜು ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ತೂಗುವ ಕೆಲಸದವನು. ಆದರೆ ಅವನ ಎದೆ ಉಬ್ಬುತ್ತಿದ್ದುದು ತಕ್ಕಡಿಯಿಂದಲ್ಲ, ಸೌಟಿನಿಂದ. ಸುತ್ತಮುತ್ತ ಎಲ್ಲೇ ಬೀಗರೂಟವಾಗಲಿ, ಕೋಳಿಸಾರಿಗೆ ಅವನೇ ಬೇಕು. ಅಂಥವನ ಪಕ್ಕದ ಮನೆಗೆ ಆಸ್ಪತ್ರೆಯ ನರ್ಸ್ ಜೆಸಿಂತಾ ಬಾಡಿಗೆಗೆ ಬಂದಿದ್ದಳು, ಮಂಗಳೂರಿನ ಹುಡುಗಿ.

"ಹಬ್ಬಕ್ಕೆ ಅಪ್ಪ, ನೆಂಟರು ಎಲ್ಲ ಇಲ್ಲಿಗೇ ಬರ್ತಾರೆ ಅಣ್ಣ. ಈ ಸಲ ಮುಖ್ಯ ಅಡುಗೆ ನಿಮ್ಮ ಕೈಯದ್ದೇ ಆಗಬೇಕು" ಎಂದು ಅವಳು ಕೇಳಿದ್ದೇ ತಡ, ತಿಮ್ಮರಾಜು ನೆಲದಿಂದ ಒಂದು ಗೇಣು ಮೇಲೆದ್ದ. ಕಡಲ ದಂಡೆಯವರಿಗೆ ತೆಂಗಿನ ಸೀಮೆಯ ರುಚಿ ಏನೆಂದು ತೋರಿಸದೆ ಬಿಡುವುದಿಲ್ಲ ಎಂದು ಆಗಲೇ ನಿಶ್ಚಯ ಮಾಡಿಬಿಟ್ಟ.

ಸುದ್ದಿ ಹಬ್ಬಿ ಬೀದಿಯೆಲ್ಲ ಸಲಹೆ ಕೊಡಲು ನಿಂತಿತು. ಎಲ್ಲರಿಗಿಂತ ಜೋರು ಎದುರುಮನೆಯ ಬಸವರಾಜಪ್ಪನವರದು. ಅವರು ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿದವರಲ್ಲ.

"ಬಿರಿಯಾನಿ ಮಾಡಪ್ಪ. ಮಸಾಲೆ ಚೆನ್ನಾಗಿ ಹಿಡೀಬೇಕು ನೋಡು."

"ಬಿರಿಯಾನಿ ಹೈವೇಲಿ ಯಾವ ಹೋಟ್ಲಲ್ಲಾದ್ರೂ ಸಿಕ್ತದೆ ಕಣ್ರೀ. ನಾಟಿಕೋಳಿ ಸಾರು ಮಾತ್ರ ಈ ತಿಮ್ಮರಾಜೂನೇ ಮಾಡ್ಬೇಕು!"

ಶನಿವಾರ ಬೆಳಿಗ್ಗೆ ಜೆಸಿಂತಾ ನೆಂಟರನ್ನು ಕರೆದುಕೊಂಡು ಚರ್ಚಿಗೆ ಹೋದಳು. ಇತ್ತ ಅವಳ ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಕರಟದ ಉರಿ ಹಾಕಿ, ತಿಮ್ಮರಾಜು ಹುಂಜಗಳನ್ನು ಒಲೆಗೇರಿಸಿದ. ಹೆಂಡತಿ ಮಂಗಳಾ ಕಾಯಿ, ಕೊತ್ತಂಬರಿ, ಚಕ್ಕೆ, ಲವಂಗ ನುಣ್ಣಗೆ ರುಬ್ಬಿಕೊಟ್ಟಳು. ಬಸವರಾಜಪ್ಪನವರು ಕಾಂಪೌಂಡಿನಾಚೆ ನಿಂತು, ಮೂಗಿಗೆ ಟವೆಲ್ ಹಿಡಿದುಕೊಂಡೇ ಉಸ್ತುವಾರಿ ನೋಡಿದರು. ಸಾರು ಕುದ್ದು ಘಮ್ಮೆಂದಾಗ ತಿಮ್ಮರಾಜು ಎಂದಿನಂತೆ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ಬಾಯಿಗೆತ್ತಿದ.

"ರೀ! ಶನಿವಾರ ಕಣ್ರೀ!" ಎಂದು ಮಂಗಳಾ ಕಿರುಚಿದಳು.

ತಿಮ್ಮರಾಜುವಿನ ಕೈ ಅಲ್ಲೇ ನಿಂತಿತು. ಮನೆದೇವರು ಸಂಪಿಗೆಯ ಶ್ರೀನಿವಾಸ. ಶನಿವಾರ ಕೋಳಿ ಬೇಯಿಸಬಹುದು, ಬಡಿಸಬಹುದು, ನಾಲಿಗೆಗೆ ಮಾತ್ರ ತಾಗಿಸುವಂತಿಲ್ಲ. ಅಕ್ಕಪಕ್ಕ ವಿಚಾರಿಸಿದರೆ ಎಲ್ಲರದೂ ಶನಿವಾರವೇ. ಶನಿವಾರ ಇಲ್ಲದ ಒಬ್ಬ ಅಯ್ಯಪ್ಪನ ಮಾಲೆ ಹಾಕಿ ಕೂತಿದ್ದ. ರುಚಿ ನೋಡದ ಸಾರನ್ನು ಪರವೂರಿನವರ ಮುಂದಿಡುವುದು ಹೇಗೆ? ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಅಷ್ಟರಲ್ಲಿ ಬೀದಿ ಕೊನೆಯ ಕೆಂಚಪ್ಪ ಹಿತ್ತಲಿಗೆ ಬಂದ. ಕೈಯಲ್ಲಿ ಬಟ್ಟಲೂ ಇತ್ತು.

"ನಮ್ದು ಸೋಮವಾರ ಕಣ್ಲಾ. ಹಾಕು, ನೋಡ್ತೀನಿ."

ಒಂದು ಸೌಟು ಸಾರು, ಎರಡು ತುಂಡು ಮುಗಿಸಿ ಕೆಂಚಪ್ಪ ಕಣ್ಣು ಮುಚ್ಚಿದ. "ಉಪ್ಪು ಒಂಚೂರು ಸಾಲ್ದು."

ತಿಮ್ಮರಾಜುವಿಗೆ ಮೈಯೆಲ್ಲ ಉರಿಯಿತು. ಅವನ ಕೈಯಳತೆ ಯಾವತ್ತೂ ತಪ್ಪಿದ್ದಿಲ್ಲ. ಬೆನ್ನು ತಿರುಗಿಸಿ, ಬರಿಗೈಯನ್ನೇ ಪಾತ್ರೆಯ ಮೇಲೆ ಉದುರಿಸಿದಂತೆ ಆಡಿಸಿ, ಸೌಟು ತಿರುವಿ ಮತ್ತೆ ಬಡಿಸಿದ.

ಕೆಂಚಪ್ಪ ತೊಡೆಯನ್ನೊಂದು ಚೀಪಿ ಮುಗಿಸಿದ. "ಹಾಂ! ಈಗ ಹದಕ್ಕೆ ಬಂತು ನೋಡು! ಖಾರ ಇನ್ನೊಂದಿಷ್ಟು ಬೀಳ್ಬೇಕು."

ಖಾರವೂ ಹಾಗೆಯೇ ಬರಿಗೈಯಿಂದ ಬಿತ್ತು. ಇನ್ನೊಂದು ಬಟ್ಟಲೂ ಖಾಲಿಯಾಯಿತು. ತನ್ನ ಕೈಯ ಬಗ್ಗೆ ತಿಮ್ಮರಾಜುವಿಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಮಧ್ಯಾಹ್ನ ಪಂಕ್ತಿ ಕೂತಿತು. ನೆಂಟರಿಗೆ ಮುದ್ದೆ, ಕೋಳಿಸಾರು. ಬೀದಿಯವರಿಗೆ ಮೊಟ್ಟೆಯಿಲ್ಲದ ಕೇಕು, ಚಿತ್ರಾನ್ನ. ಕೆಂಚಪ್ಪ ಮಾತ್ರ ನೆಂಟರ ಸಾಲಿನಲ್ಲೇ ಕೂತ. ಜೆಸಿಂತಾಳ ತಂದೆ ಒಂದು ತುತ್ತು ನುಂಗಿ ಇನ್ನೊಂದು ಸೌಟು ಹಾಕಿಸಿಕೊಂಡರು.

"ಎಂಥ ರುಚಿ ಮಾರಾಯ್ರೆ! ನನ್ನ ಆಯುಸ್ಸಿನಲ್ಲಿ ಇಂಥ ಸಾರು ಉಂಡಿಲ್ಲ. ಇದನ್ನು ಹದ ಮಾಡಿದ್ದು ಯಾರು?"

ತಿಮ್ಮರಾಜು ವಿನಯದಿಂದ ತಲೆ ತಗ್ಗಿಸಿದ. ತಲೆ ಎತ್ತುವಷ್ಟರಲ್ಲಿ ಕೆಂಚಪ್ಪ ಎದ್ದು ನಿಂತಾಗಿತ್ತು.

"ನಾನೇ ಸಾರ್. ಉಪ್ಪು, ಖಾರ, ಎಲ್ಲಾ ನಾನು ಹೇಳ್ದಂಗೆ. ಇವನು ಸಾರನ್ನ ಬಾಯಿಗೇ ಇಟ್ಟಿಲ್ಲ."

ಬಸವರಾಜಪ್ಪನವರು ಸುಳ್ಳು ಹೇಳುವವರಲ್ಲ. "ಅದೇನೋ ನಿಜ ಸಾರ್. ನಾನೇ ನಿಂತು ನೋಡಿದೀನಿ, ಪಾಪ, ಒಂದು ತೊಟ್ಟೂ ನೆಕ್ಕಿಲ್ಲ."

"ಸುಳ್ಳು ಸಾರ್!" ತಿಮ್ಮರಾಜು ಅಳುವವನಂತಾದ. "ಅವನು ಹೇಳಿದ ಉಪ್ಪು ನಾನು ಹಾಕೇ ಇಲ್ಲ! ಸುಮ್ನೆ ಕೈ ಆಡಿಸ್ದೆ ಅಷ್ಟೇ!"

ಕೆಂಚಪ್ಪ ಜೆಸಿಂತಾಳ ತಂದೆಯ ಕಡೆ ತಿರುಗಿ ನಿಟ್ಟುಸಿರು ಬಿಟ್ಟ.

"ಕೇಳಿದ್ರಾ ಸಾರ್? ಹಾಕು ಅಂದ್ರೂ ಹಾಕೋನಲ್ಲ. ಇಂಥವನ ಕೈಲಿ ಇಂಥಾ ಸಾರು ತೆಗೀಬೇಕಾದ್ರೆ ನಂಗೆಷ್ಟು ಕಷ್ಟ ಆಗಿರ್ಬೇಡ!"

ಜೆಸಿಂತಾಳ ತಂದೆಯ ಮನಸ್ಸು ಕರಗಿತು. ತಮ್ಮ ಹೆಗಲ ಮೇಲಿದ್ದ ಹೊಸ ಶಾಲನ್ನು ಕೆಂಚಪ್ಪನಿಗೆ ಹೊದಿಸಿದರು. "ಏಪ್ರಿಲಿನಲ್ಲಿ ಜೆಸಿಂತಾಳ ಮದುವೆ. ಅಡುಗೆಗೆ ನೀವೇ ಮಂಗಳೂರಿಗೆ ಬರಬೇಕು."

"ಬತ್ತೀನಿ ಬುಡಿ ಸಾರ್" ಎಂದ ಕೆಂಚಪ್ಪ ಶಾಲು ಸರಿಮಾಡಿಕೊಂಡು, ಮೂಲೆಯಲ್ಲಿ ಸೌಟು ಹಿಡಿದು ನಿಂತಿದ್ದ ತಿಮ್ಮರಾಜುವಿನ ಕಡೆ ದೊಡ್ಡ ಮನಸ್ಸಿನಿಂದ ನೋಡಿದ.

"ಬೇಜಾರ್ ಮಾಡ್ಕೋಬೇಡ ಕಣ್ಲಾ. ನೀನೂ ಬಾ. ಒಲೆ ಉರಿ ನೋಡ್ಕೊಳ್ಳೋಕೆ ನಂಗೂ ಒಬ್ಬ ಬೇಕು."